ಕಲ್ ಅಂದರೆ ಯಾವ ಕಲ್?

ಹೋದ ವಾರ ಬೀದರಿಗೆ ಹೊರಟಾಗ ಬಸ್ಸು ಹುಮನಾಬಾದಿನಲ್ಲಿ ಹತ್ತು ನಿಮಿಷ ನಿಂತಿತು. ಜಿಟಿಜಿಟಿ ಮಳೆ. ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಆ ಸಂದಿಯಿಂದ ಬಿಸಿ ಖಾರಿಯ ವಾಸನೆ ಒಳಗೆ ಬಂತು. ಚಹದಲ್ಲಿ ಅದ್ದಿದರೆ ಪದರು ಪದರಾಗಿ ಬಿಚ್ಚಿಕೊಳ್ಳುವ ಬಿಸ್ಕೀಟು ಅದು, ನಮ್ಮ ಕಡೆಯ ಬೇಕರಿಗಳಲ್ಲಿ ದಿನಾ ಮಾಡುವಂಥದ್ದು. ಡಾಲ್ಡಾ, ಕೆಂಪಗೆ ಬೆಂದ ಮೈದಾ, ಅದರ ಜೊತೆಗೆ ತೊಯ್ದ ಕರಿಮಣ್ಣು. ಪಕ್ಕದ ಸೀಟಿನ ಹೆಣ್ಣುಮಗಳು, "ಯಾಕ್ರಿ ಅಮ್ಮಾ, ಇಲ್ಲೇ ಇಳಿಯೋರು ಇದ್ರೇನು?" ಎಂದು ಕೇಳಿದಳು. ಆಗ ನೋಡಿಕೊಂಡೆ, ನಾನು ಎದ್ದು ನಿಂತುಬಿಟ್ಟಿದ್ದೆ.

"ಸಾರಿ ಡಿಯರ್, ಇಲ್ಲ" ಎಂದು ಮತ್ತೆ ಕೂತೆ. ಬಸ್ಸು ಬಿಟ್ಟಿತು. ಆದರೆ ಬೀದರ್ ಬರುವವರೆಗೂ ನಾನು ಹುಮನಾಬಾದಿನಲ್ಲೇ ಇದ್ದೆ, ಆ ಬೇಕರಿಯ ಮೇಲಿನ ಕೋಣೆಯಲ್ಲಿ, ಮೂರು ಮಳೆಗಾಲಗಳ ಹಿಂದೆ.

ನಾನು ಬಸವಕಲ್ಯಾಣದವಳು. ಏಳನೇ ವಯಸ್ಸಿಗೆ ಅಪ್ಪ ನನ್ನನ್ನು ಹೈದರಾಬಾದಿನ ಕಾನ್ವೆಂಟಿನ ಬೋರ್ಡಿಂಗಿಗೆ ಹಾಕಿದರು. ಅಲ್ಲಿಂದ ಬರುವಾಗ ನನ್ನ ಕೈಯಲ್ಲಿ ಇದ್ದದ್ದು ಒಳ್ಳೆಯ ಹ್ಯಾಂಡ್‌ರೈಟಿಂಗ್, ಸಾಕಷ್ಟು ಇಂಗ್ಲಿಷು ಮತ್ತು ಎಲ್ಲವನ್ನೂ ಅದರ ಜಾಗದಲ್ಲೇ ಇಡಬೇಕೆಂಬ ಹಟ. ಆ ಮೂರನ್ನೇ ನಂಬಿಕೊಂಡು ಹುಮನಾಬಾದಿನ ಒಂದು ಶಾಲೆಯಲ್ಲಿ ಮೂವತ್ತು ಚಿಲ್ಲರೆ ವರ್ಷ ಲೈಬ್ರರಿ ನೋಡಿಕೊಂಡೆ. ರಿಟೈರ್ ಆದಮೇಲೆ ಬಸವಕಲ್ಯಾಣಕ್ಕೆ, ತಮ್ಮನ ಮನೆಗೆ ವಾಪಸ್ಸು. ಮಕ್ಕಳು ನನ್ನನ್ನು ಲೀಲಾ ಮಿಸ್ ಎನ್ನುತ್ತಿದ್ದರು. ಈಗ ಅವರ ಮಕ್ಕಳೂ ಹಾಗೆಯೇ ಅನ್ನುತ್ತಾರೆ.

ಆ ವರ್ಷ ಮೃಗಶಿರ ಮಳೆ ಚೆನ್ನಾಗಿ ಹಿಡಿದಿತ್ತು. ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಛತ್ರಿ ಮಡಚಿ, ಬುರ್ಖಾದ ಅಂಚಿಗೆ ಅಂಟಿದ ಕೆಸರನ್ನು ಮೆಟ್ಟಿಲಿಗೆ ಒರೆಸುತ್ತ ಒಬ್ಬಳು ನಿಂತಿದ್ದಳು.

"ಮಿಸ್, ಗುರುತು ಸಿಕ್ತೇನ್ರಿ?"

ಸಿಗದೆ ಏನು! ನಸ್ರೀನ್. ಏಳನೇ ಕ್ಲಾಸಿನಲ್ಲಿದ್ದಾಗ ಪುಸ್ತಕಗಳ ಬೆನ್ನಿನಿಂದ ಉದುರಿದ ನಂಬರಿನ ಚೀಟಿಗಳನ್ನು ತಾನೇ ಆರಿಸಿ, ಗೋಂದು ಹಚ್ಚಿ ಅಂಟಿಸುತ್ತಿದ್ದ ಹುಡುಗಿ. ಆಮೇಲೆ ಇಂಜಿನಿಯರಿಂಗ್ ಓದಿ ಹೈದರಾಬಾದಿನಲ್ಲಿ ಕೆಲಸ ಮಾಡಿದಳು. ಮದುವೆಯಾಗಿ ಊರಿಗೇ ಬಂದಿದ್ದಳು. ಗಂಡನದು ಹೈವೇ ಮೇಲೆ ಟೈರಿನ ಅಂಗಡಿ. ಝೋಯಾ ಎಂಬ ನಾಲ್ಕು ವರ್ಷದ ಮಗಳು, ಅವಳನ್ನು ನೋಡಿಕೊಳ್ಳಲು ನಸ್ರೀನಳ ಅಮ್ಮ.

"ಮಿಸ್, ನನ್ನ ಆಫೀಸಿನಾಗ ಒಂದು ಕಪಾಟು ಭಾಳ ಖರಾಬ್ ಆಗೇದ್ರಿ. ನೀವು ಬಂದು ಹಚ್ಚಿಕೊಡಬೇಕು."

"ಪುಸ್ತಕದ್ದೇನು?"

"ಪುಸ್ತಕ ಅಲ್ರಿ, ಸಾಫ್ಟ್‌ವೇರ್."

ನಾನು ನಕ್ಕುಬಿಟ್ಟೆ. "ನಂಗ ಮೊಬೈಲಿನಾಗ ಬೆಳಕು ಕಮ್ಮಿ ಮಾಡೂದು ಬರಂಗಿಲ್ಲ ನಸ್ರೀನ್."

ಅವಳು ಬಿಡಲಿಲ್ಲ. ಚಹ ಕುಡಿಯುತ್ತ ಕೇಳಿದಳು. "ಮಸಾಲಿ ನೀವೇ ಕುಟ್ತೀರೇನ್ರಿ?"

"ಈ ಕೈಲೇನು ಕುಟ್ಟಲಿ? ಪಾಕೀಟು ತರಸ್ತೀನಿ."

"ಹಾಂ, ಅಷ್ಟೇ ರೀ ನಮ್ಮ ಕೆಲಸ. ನಮ್ಮ ಕಂಪನಿ ಸಣ್ಣ ಊರಿನ ಕಣ್ಣಿನ ದವಾಖಾನಿಗೋಳಿಗೆ ಸಾಫ್ಟ್‌ವೇರ್ ಮಾಡ್ತದ. ಬರೆಯೋರು ಪುಣೆದಾಗ ಅದಾರ, ಹೈದರಾಬಾದದಾಗ ಅದಾರ, ಕಲಬುರಗಿದಾಗ ಅದಾರ. ಚೀಟಿ ಛಾಪಸೂ ತುಣುಕು ಒಬ್ಬಾಕಿ ಬರೆದ್ಲು ಅಂದ್ರ ಉಳದೋರು ಮತ್ತ ಅದನ್ನೇ ಯಾಕ ಕುಟ್ಟಬೇಕು? ಬರೆದದ್ದನ್ನ ಪಾಕೀಟು ಮಾಡಿ ಒಂದ್ ಕಡೆ ಇಡೂದು. ಬೇಕಾದೋರು ಅಲ್ಲಿಂದ ಎಳಕೊಳ್ಳೂದು. ಅದಕ್ಕ ಪ್ಯಾಕೇಜ್ ಅಂತಾರ. ಆ ಸ್ಟೋರಿನ ಚಾವಿ ಈಗ ನನ್ನ ಕಡೆ ಅದ."

ಆ ಸ್ಟೋರ್ ಎಂಬುದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ ಇತ್ತು. ಅದನ್ನು ನೋಡಿಕೊಳ್ಳುವವರು ಮಾತ್ರ ಎಲ್ಲಿ ಬೇಕಾದರೂ ಕೂತಿರಬಹುದಂತೆ. ಯಾವ ಪಾಕೀಟು ಒಳಗೆ ಬರಬೇಕು, ಯಾವುದಕ್ಕೆ ಏನು ಹೆಸರು, ಯಾರು ತೆಗೆದುಕೊಳ್ಳಬಹುದು, ಹಳೆಯದನ್ನು ಏನು ಮಾಡಬೇಕು, ಇಷ್ಟೂ ನಸ್ರೀನಳ ಜವಾಬ್ದಾರಿ. ಪುಣೆಯಲ್ಲಿದ್ದ ಅವಳ ಮೇಲಿನವರು ಪಾಟೀಲ್ ಸಾಹೇಬರು. ದಸರೆವರೆಗೆ ನೋಡುತ್ತೇನೆ, ಸರಿ ನಡೆದರೆ ಈ ಕೆಲಸ ಹುಮನಾಬಾದಿನಲ್ಲೇ ಇರಲಿ, ಇಲ್ಲವಾದರೆ ಪುಣೆಗೆ ತೆಗೆದುಕೊಳ್ಳುತ್ತೇವೆ ಎಂದು ಹೇಳಿದ್ದರು.

"ಪುಣೆಗೆ ಹೋತಂದ್ರ ನಾ ಅದರ ಹಿಂದ ಹೋಗಾಕ ಆಗಂಗಿಲ್ಲ ಮಿಸ್. ಟೈರಿನ ಅಂಗಡಿ ಹೊತ್ಕೊಂಡು ಹೋಗ್ಲೇನು? ಇಷ್ಟು ಓದಿ ಮತ್ತ ಮನ್ಯಾಗ ಕೂಡಬೇಕಾಗ್ತದ."

ಮರುದಿನ ನಾನು ಹುಮನಾಬಾದಿನ ಬಸ್ಸು ಹತ್ತಿದೆ.

ಬೇಕರಿಯ ಪಕ್ಕದ ಕಿರಿದಾದ ಮೆಟ್ಟಿಲು. ಮೇಲೆ ಎರಡು ಕಿಟಕಿಯ ಒಂದು ಕೋಣೆ, ಮೂರು ಟೇಬಲ್ಲು, ಒಂದು ಇನ್ವರ್ಟರು. ಒಂದು ಕಿಟಕಿಯಿಂದ ಹೈವೇ ಕಾಣುತ್ತಿತ್ತು, ಇನ್ನೊಂದರಿಂದ ಬೇಕರಿಯವರ ತಗಡಿನ ಹೊಗೆಗೂಡು. ಹನ್ನೊಂದಕ್ಕೂ ನಾಲ್ಕಕ್ಕೂ ಖಾರಿ ಒಲೆಯಿಂದ ಇಳಿಯುತ್ತಿತ್ತು. ಆಗ ನಮ್ಮ ಕೋಣೆಯಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ, ಫ್ರ್ಯಾಂಕ್ಲಿ ಮಾಡಲು ಆಗುತ್ತಿರಲಿಲ್ಲ.

ಇನ್ನೊಂದು ಟೇಬಲ್ಲಿನವಳು ಮಹಾದೇವಿ. ಮುಡಬಿಯ ಹುಡುಗಿ, ಇಪ್ಪತ್ಮೂರು ವರ್ಷ. ಬೆಳಿಗ್ಗೆ ಶೇರ್ ಆಟೋದಲ್ಲಿ ಒಂಬತ್ತು ಜನರ ನಡುವೆ ಕೂತು, ಆಮೇಲೆ ಬಸ್ಸು ಹಿಡಿದು ಬರುತ್ತಿದ್ದಳು. ಮನೆಯಲ್ಲಿ ಎಮ್ಮೆ, ಕುರಿ, ಹೆಸರುಕಾಳಿನ ಹೊಲ. ಬಂದ ಕೂಡಲೇ ಚಪ್ಪಲಿಯ ಕರಿಮಣ್ಣು ಕೆರೆದು ತೆಗೆಯುವುದೇ ಅವಳ ಮೊದಲ ಕೆಲಸ. "ಅರ್ಧ ಹೊಲ ದಿನಾ ನಾನೇ ಹುಮನಾಬಾದಿಗೆ ತರಾಕತ್ತೇನಿ. ಒಂದಿನ ನಮ್ಮಪ್ಪ ಅಳತಿ ಮಾಡ್ಸಿ ನೋಡ್ತಾನ" ಎನ್ನುವಳು. ಅವಳ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ನಸ್ರೀನಳ ಡಬ್ಬಿಯಲ್ಲಿ ಅನ್ನ, ಹುಣಸೆಯ ಖಟ್ಟಾ. ನನ್ನದರಲ್ಲಿ ಬ್ರೆಡ್ಡು, ಜ್ಯಾಮು. "ಮಿಸ್, ಇದು ಊಟಲ್ರಿ, ಆಸ್ಪತ್ರಿ ಪೇಶಂಟಿಗೆ ಕೊಡೂದು" ಎಂದು ಮೊದಲ ದಿನವೇ ಮಹಾದೇವಿ ನನ್ನ ಡಬ್ಬಿಯನ್ನು ಮುಚ್ಚಿಟ್ಟಳು. ಆ ಮಳೆಗಾಲ ಪೂರ್ತಿ ನಾನು ಅವರಿಬ್ಬರ ಊಟವನ್ನೇ ಉಂಡೆ.

ಸ್ಟೋರಿನ ಪಟ್ಟಿ ನೋಡಿ ನನಗೆ ನಮ್ಮ ಲೈಬ್ರರಿಯ ಮೊದಲ ದಿನ ನೆನಪಾಯಿತು. ಒಂದು ಪ್ಯಾಕೇಜಿನ ಹೆಸರು ನ್ಯೂ. ಇನ್ನೊಂದು ನ್ಯೂ-ಟು. ಫೈನಲ್, ಫೈನಲ್-ಲಾಸ್ಟ್, ಅದರ ಕೆಳಗೆ ಫೈನಲ್-ಲಾಸ್ಟ್-ಖರೇ. ಒಳಗೆ ಏನಿದೆ ಎಂದು ಯಾರೂ ಬರೆದಿರಲಿಲ್ಲ. ನಸ್ರೀನ್ ಒಂದೊಂದನ್ನೇ ತೆರೆದು ಹೇಳುವಳು, ಮಹಾದೇವಿ ತಿದ್ದುವಳು, ನಾನು ಪ್ರತಿಯೊಂದಕ್ಕೂ ಅರ್ಧ ಪುಟ ಸಾದಾ ಇಂಗ್ಲಿಷಿನಲ್ಲಿ ಬರೆಯುವೆ: ಇದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಇದರ ಒಳಗೆ ಇನ್ನಾವ ಪಾಕೀಟುಗಳು ಸೇರಿವೆ. ಪುಣೆಯಿಂದ ಯಾರೋ, ಮೊದಲ ಸಲ ಓದಿದರೆ ತಿಳಿಯುವ ಹಾಗಿದೆ, ಥ್ಯಾಂಕ್ಸ್ ಎಂದು ಬರೆದಿದ್ದರು. ನಾನು ಅದನ್ನು ಮನೆಯಲ್ಲಿ ತಮ್ಮನಿಗೆ ಎರಡು ಸಲ ಓದಿ ಹೇಳಿದೆ.

ಒಂದು ನಿಯಮ ಮಾತ್ರ ನನಗೆ ವಿಚಿತ್ರವೆನಿಸಿತ್ತು. ಒಂದು ಸಲ ನಂಬರ್ ಕೊಟ್ಟು ಸ್ಟೋರಿನಲ್ಲಿ ಇಟ್ಟ ಪಾಕೀಟನ್ನು ಮತ್ತೆ ಬಿಚ್ಚಿ ತಿದ್ದುವಂತಿಲ್ಲ, ತೆಗೆದುಹಾಕುವಂತೆಯೂ ಇಲ್ಲ. "ಅದರ ಮ್ಯಾಲ ಯಾರ್ ಏನ್ ಕಟ್ಯಾರೋ ನಮಗ ಹ್ಯಾಂಗ್ ಗೊತ್ತು ಮಿಸ್? ಬುಡದಾಂದು ಎಳದ್ರ ಮ್ಯಾಲಿಂದು ಬೀಳ್ತದ. ತಪ್ಪಿದ್ರ ಹೊಸಾ ನಂಬರಿನಾಗ ಸರಿ ಮಾಡಿ ಇಡಬೇಕು ಅಷ್ಟೇ" ಎಂದು ನಸ್ರೀನ್ ಹೇಳಿದಳು.

ನಂಬರುಗಳನ್ನು ಯಾರೂ ನೆನಪಿಡುವುದಿಲ್ಲ. ಹಾಗಾಗಿ ಪಾಕೀಟಿಗೆ ನಂಬರಿನ ಮೇಲೆ ಒಂದು ಚೀಟಿಯನ್ನೂ ಅಂಟಿಸುವ ಪದ್ಧತಿ. ದವಾಖಾನೆಯ ಕಂಪ್ಯೂಟರು ನಂಬರು ಕೇಳುವುದಿಲ್ಲ, ಚೀಟಿ ನೋಡಿ ಪಾಕೀಟು ಎಳೆದುಕೊಳ್ಳುತ್ತದೆ. ಇದ್ದ ಚೀಟಿಗಳಲ್ಲಿ ಒಂದು ಲೇಟೆಸ್ಟ್. ಲೇಟೆಸ್ಟ್ ಎಂದರೆ ಎಲ್ಲಕ್ಕಿಂತ ಚೆನ್ನಾಗಿರುವುದು ಎಂದು ತಿಳಿದು ಎಲ್ಲರೂ ಅದನ್ನೇ ಎಳೆದುಕೊಂಡು, ಅರೆಬೆಂದದ್ದನ್ನು ತಿಂದು ಬೈಯುತ್ತಿದ್ದರು. ಹೊಸ ಚೀಟಿಗಳು ಬೇಕಾಗಿದ್ದವು.

ಆ ದಿನ ನಾಲ್ಕರ ಖಾರಿ ಬಂದಿತ್ತು. ಹೊರಗೆ ಜೋರು ಮಳೆ, ಲಾರಿಗಳೆಲ್ಲ ಹಗಲಲ್ಲೇ ದೀಪ ಹಚ್ಚಿಕೊಂಡು ಹೋಗುತ್ತಿದ್ದವು. ನಾನೇ ಹೇಳಿದೆ. "ನಮ್ಮ ಊರಿನ ಉರ್ದು ಮಾತೇ ಇಡೋಣಲ್ಲ? ಇವತ್ತು ಓಡುತ್ತಿರುವುದಕ್ಕೆ ಆಜ್. ಇನ್ನೂ ಪರೀಕ್ಷೆ ಆಗದೆ, ಮುಂದೆ ಬರುವುದಕ್ಕೆ ಕಲ್."

"ವಾಹ್ ಮಿಸ್!" ಎಂದು ನಸ್ರೀನ್ ಚಪ್ಪಾಳೆ ಹೊಡೆದಳು. ಮಹಾದೇವಿ ಆಗ ಕೆಳಗೆ ಇನ್ನೊಂದು ಪ್ಲೇಟು ಖಾರಿ ತರಲು ಹೋಗಿದ್ದಳು. ಬಂದಮೇಲೆ, "ಆಜ್, ಕಲ್. ಛಲೋ ಅದ" ಎಂದಳು. ಅವಳಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಹೇಳುವ ಅಗತ್ಯವಿದೆ ಎಂದು ಯಾರಿಗೂ ಅನಿಸಲಿಲ್ಲ. ಬೀದರ್ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಕಲ್ ಅಂದರೆ ಏನು ಎಂದು ಹೇಳಿಕೊಡುವುದುಂಟೇ?

ಐ ಮಸ್ಟ್ ಕನ್ಫೆಸ್, ನನಗೆ ಬಹಳ ಹೆಮ್ಮೆಯಾಗಿತ್ತು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದವರನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಮುಪ್ಪಿನಲ್ಲಿ ನಾನು ನಮ್ಮ ಬೀದಿಯ ಎರಡು ಮಾತುಗಳನ್ನು ಪುಣೆಯ ಇಂಜಿನಿಯರುಗಳ ಕಂಪ್ಯೂಟರಿನೊಳಗೆ ಕೂರಿಸಿದ್ದೆ. ಮುಂದಿನ ಎರಡು ತಿಂಗಳು ಚೀಟಿಗಳನ್ನು ಅಂಟಿಸುವ ಕೆಲಸ ನಸ್ರೀನಳೇ ಮಾಡುತ್ತಿದ್ದಳು. ಆದ್ದರಿಂದ ಏನೂ ಆಗಲಿಲ್ಲ.

ಶ್ರಾವಣದ ಒಂದು ಬುಧವಾರ ನಾನು ಆಫೀಸಿಗೆ ಹೋಗಲಿಲ್ಲ. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಬಸವಕಲ್ಯಾಣದಲ್ಲಿದ್ದ ಕಣ್ಣಿನ ದವಾಖಾನೆಗೆ ತೋರಿಸಲು ಹೋಗಿದ್ದೆ. ಅಲ್ಲಿ ಓಡುತ್ತಿದ್ದದ್ದು ನಮ್ಮದೇ ಸಾಫ್ಟ್‌ವೇರು. ನಸ್ರೀನ್ ಅಂದು ಮನ್ನಾಏಖೇಳ್ಳಿಗೆ, ದೂರದ ಸಂಬಂಧಿಕರೊಬ್ಬರ ಮಣ್ಣಿಗೆ ಹೋಗಿದ್ದಳು. ಅಂಥ ಮನೆಯಲ್ಲಿ ಫೋನು ಬಡಿಯಬಾರದೆಂದು ಆಫ್ ಮಾಡಿದ್ದಳು. ಹುಮನಾಬಾದಿನಲ್ಲಿ ಮಹಾದೇವಿ ಒಬ್ಬಳೇ.

ನನ್ನ ಕಣ್ಣಿಗೆ ಪಾಪೆ ಅಗಲವಾಗುವ ಹನಿ ಹಾಕಿ ಬೆಂಚಿನ ಮೇಲೆ ಕೂರಿಸಿದ್ದರು. ಎಲ್ಲವೂ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿತ್ತು. ಒಬ್ಬೊಬ್ಬರ ಕೈಗೂ ಕಂಪ್ಯೂಟರಿನಿಂದ ಒಂದು ಚೀಟಿ ಬರುತ್ತದೆ. ಹೆಸರು, ವಯಸ್ಸು, ಯಾವ ಕಣ್ಣಿಗೆ ಚಿಕಿತ್ಸೆ ಎಂಬುದು. ಅಂದು ಬೆಳಿಗ್ಗೆ ಚೀಟಿಯಲ್ಲಿ ಕನ್ನಡದ ಹೆಸರುಗಳು ಒಡೆದು ಬರುತ್ತಿವೆ ಎಂದು ಕೌಂಟರಿನವರು ನಮ್ಮ ಆಫೀಸಿಗೆ ಫೋನು ಮಾಡುವುದು ಕೇಳಿಸಿತ್ತು. ಸಣ್ಣ ತೊಂದರೆ, ಮಹಾದೇವಿ ಸರಿಮಾಡುತ್ತಾಳೆ ಎಂದುಕೊಂಡು ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಒಳಬಾಗಿಲಲ್ಲಿ ಸಿಸ್ಟರ್ ದನಿ ಏರಿತು.

"ಇದೇನ್ರಿ ಇದು? ಹೆಸರು ಛಂದ ಬಂದದ. ಎಡಗಣ್ಣೋ ಬಲಗಣ್ಣೋ ಅನ್ನೂದೇ ಇಲ್ಲ! ಯಾರಿಗೂ ನಾ ಒಳಗ ಬಿಡಂಗಿಲ್ಲ. ಎಲ್ಲಾರೂ ಇದ್ದಲ್ಲೇ ಕೂಡ್ರಿ."

ಕೌಂಟರಿನವನು ನನ್ನ ಪಕ್ಕದ ಅಜ್ಜನನ್ನೇ ಕೇಳಿದ. "ಅಜ್ಜಾ, ನಿಂದು ಯಾವ ಕಣ್ಣು?"

"ಎರಡೂ ಕಾಣಂಗಿಲ್ಲಪಾ. ಯಾವುದು ಸಸ್ತಾ ಆಗ್ತದ ಅದನ್ನ ಹಿಡಿ."

ಬೆಂಚೆಲ್ಲ ನಕ್ಕಿತು. ಸಿಸ್ಟರ್ ನಗಲಿಲ್ಲ. ನನಗೂ ನಗು ಬರಲಿಲ್ಲ. ನನ್ನ ಮಡಿಲಲ್ಲಿ ಫೋನು ನಡುಗಿತು. ಯಾರೆಂದು ಓದಲು ಆಗದೆ ಹಾಗೆಯೇ ಕಿವಿಗೆ ಹಿಡಿದೆ.

"ಮಿಸ್, ಅಲ್ಲೇ ಅದೀರಿ ಹೌದಿಲ್ಲೋ? ಚೀಟಿ ಸರಿ ಬಂತೇನ್ರಿ ಈಗ? ಆಜ್‌ನಾಗ ಚೂರು ಗಡಬಡ ಆಗಿತ್ತು. ನಸ್ರೀನಕ್ಕನ ಫೋನು ಹತ್ತಲಿಲ್ಲ. ಅದಕ್ಕ ನಾ ಕಲ್ ಹಚ್ಚೀನಿ."

ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ.

"ಮಹಾದೇವಿ, ಯಾವ ಕಲ್?"

"ಅದೇ ರೀ, ನಿನ್ನಿಂದು. ನಿನ್ನಿಂದು ಛಲೋ ಓಡಾಕತ್ತಿತ್ತಲ್ಲ."

"ಅದು ನಿನ್ನಿಂದಲ್ಲವ್ವಾ. ಅದು ನಾಳಿಂದು."

ಅವಳು ಸಣ್ಣಗೆ, "ಅಯ್ಯ ನಮ್ಮವ್ವಾ" ಎಂದಳು.

ಇನ್ನೂ ಪರೀಕ್ಷೆಯಾಗದ, ಅರ್ಧ ಬರೆದ ಪಾಕೀಟು ಅದು. ಎಡ ಬಲ ಛಾಪಿಸುವ ತುಣುಕನ್ನು ಅದಕ್ಕೆ ಇನ್ನೂ ಸೇರಿಸಿಯೇ ಇರಲಿಲ್ಲ.

"ಅಳಬ್ಯಾಡ. ಪಾಕೀಟಿನ ಮೇಲಿನ ಚೀಟಿ ಬಿಟ್ಟುಬಿಡು, ನಂಬರ್ ಓದು. ನಿನ್ನೆ ಇಲ್ಲಿ ಓಡುತ್ತಿದ್ದ ನಂಬರ್ ಯಾವುದು?" ಅವಳು ಓದಿದಳು. "ಜೋರಾಗಿ ಇನ್ನೊಮ್ಮೆ." ಓದಿದಳು. "ಅದನ್ನು ಹಾಕು."

ಕಾಲು ಗಂಟೆಯಲ್ಲಿ ಚೀಟಿಗಳು ಸರಿಯಾಗಿ ಬಂದವು. ಆದರೆ ಬೆಳಿಗ್ಗೆ ಒಳಗೆ ಹೋದವರು, ಹೊರಗೆ ಕೂತವರು ಎಲ್ಲರನ್ನೂ ಡಾಕ್ಟರು ಮೊದಲಿನಿಂದ ನೋಡಿದರು. ಹನಿಯ ಗುಣ ಇಳಿದವರಿಗೆ ಮತ್ತೆ ಹನಿ ಹಾಕಿದರು. ಮಧ್ಯಾಹ್ನದ ಬಸ್ಸುಗಳು ತಪ್ಪಿದವು. ಯಾರ ಕಣ್ಣಿಗೂ ಏನೂ ಆಗಲಿಲ್ಲ, ಥ್ಯಾಂಕ್ ಗಾಡ್, ಆ ಸಿಸ್ಟರ್ ಹಟಮಾರಿಯಾಗಿದ್ದಳು. ದೂರು ಮಾತ್ರ ಸಂಜೆಯೊಳಗೆ ಪುಣೆ ಮುಟ್ಟಿತು.

ಮರುದಿನ ಹನ್ನೊಂದಕ್ಕೆ ಪಾಟೀಲ್ ಸಾಹೇಬರ ಫೋನು. ಮೂವರೂ ಒಂದೇ ಟೇಬಲ್ಲಿಗೆ ಕೂತಿದ್ದೆವು, ಸ್ಪೀಕರ್ ಹಾಕಿತ್ತು. ಅವರ ಮೂಲ ಊರು ಉಮರ್ಗಾ. ನಮ್ಮ ಗಡಿ ದಾಟಿದರೆ ಸಿಗುವ ಊರು. ಕನ್ನಡ ತಕ್ಕಮಟ್ಟಿಗೆ ಬರುತ್ತಿತ್ತು.

"ನಸ್ರೀನ್, ಇದು ಕಣ್ಣಿನ ವಿಷಯ. ಗೊತ್ತದ ಹೌದಲ್ಲ?"

"ಗೊತ್ತದ ಸರ್."

"ನಿನ್ನೆ ತಪ್ಪಿದ ಪಾಕೀಟು ಒತ್ತಿದವ್ರು ಯಾರು? ಅಂಥಾ ಗೊಂದಲದ ಚೀಟಿ ಇಟ್ಟವ್ರು ಯಾರು?"

ಮಹಾದೇವಿ ಬಾಯಿ ತೆರೆದಳು. ನಸ್ರೀನ್ ಅವಳತ್ತ ಕಣ್ಣು ಬಿಟ್ಟು, "ಸ್ಟೋರ್ ನಂದು ಸರ್. ಜವಾಬ್ದಾರಿನೂ ನಂದೇ" ಎಂದಳು. ಅದೇ ಹೊತ್ತಿಗೆ ಟೇಬಲ್ಲಿನ ಕೆಳಗೆ ಅವಳ ಕೈ ನನ್ನ ಮಂಡಿಯನ್ನು ಒತ್ತಿತು. ಮಾತಾಡಬೇಡಿ ಎಂದು.

ಆ ಕೈಯನ್ನು ನಾನು ಸರಿಸಬಹುದಿತ್ತು. ಸರಿಸಲಿಲ್ಲ. ನನ್ನ ಮಾತಿಗೆ ಪುಣೆಯವರು ಥ್ಯಾಂಕ್ಸ್ ಬರೆದಿದ್ದರು, ನಾನು ಅದನ್ನು ತಮ್ಮನಿಗೆ ಓದಿ ತೋರಿಸಿದ್ದೆ. ಎಪ್ಪತ್ತೊಂದು ವರ್ಷದ ಹೆಂಗಸು, ಮೂವತ್ತು ವರ್ಷದ ಹುಡುಗಿಯ ಹಿಂದೆ ಅಡಗಿ ಕೂತೆ. ಈಗಲೂ ನೆನೆದರೆ ಮುಖ ಬಿಸಿಯಾಗುತ್ತದೆ.

"ಏನಾಯ್ತು, ಯಾಕಾಯ್ತು, ಶುಕ್ರವಾರದೊಳಗ ಬರೆದು ಕಳಸ್ರಿ" ಎಂದರು ಪಾಟೀಲರು. "ಆದ್ರ ಮನಸಿನ ಮಾತು ಹೇಳ್ತೀನಿ. ಒಂದನೇ ತಾರೀಖಿನಿಂದ ಇದನ್ನ ಪುಣೆಕ್ಕ ತರೂದೇ ಬರೋಬರಿ ಅನಸ್ತದ."

ಫೋನು ಇಟ್ಟಮೇಲೆ ಮಹಾದೇವಿ ಅತ್ತಳು. "ಒತ್ತಿದಾಕಿ ನಾ. ನೀವ್ಯಾಕ ಹೊರ್ತೀರಿ ಅಕ್ಕಾ?"

"ನೀ ಸುಮ್ಮ ರೊಟ್ಟಿ ತೆಗಿ. ಬೈಸ್ಕೊಂಡು ಭಾಳ ಹಸಿವ್ಯಾಗೇದ" ಎಂದು ನಸ್ರೀನ್ ನಕ್ಕಳು. ಕೈ ತೊಳೆಯಲು ಎದ್ದು ಹೋದಳು. ನಳ ಸುರಿಯುತ್ತಲೇ ಇತ್ತು. ಬಹಳ ಹೊತ್ತಾಯಿತೆಂದು ನಾನು ಹೋಗಿ ನೋಡಿದರೆ, ನೀರಿನ ಕೆಳಗೆ ಕೈ ಹಿಡಿದುಕೊಂಡು ಗೋಡೆ ನೋಡುತ್ತ ನಿಂತಿದ್ದಳು. ನಾನೇ ನಳ ನಿಲ್ಲಿಸಿದೆ.

"ಬಂದು ಉಣ್ಣು ಮಗಳೇ" ಎಂದೆ. ಮಗಳೇ ಎಂದು ಅವಳನ್ನು ಕರೆದದ್ದು ಅದೇ ಮೊದಲು.

ಸಂಜೆ ಬಸವಕಲ್ಯಾಣದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಇಬ್ಬರು ಹೆಂಗಸರು ಕೂತಿದ್ದರು. ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ಮಾತು. "ಕಲ್ ಆಯೀ ಥೀ" ಎಂದಳು ಒಬ್ಬಳು. ನಿನ್ನೆ ಬಂದಿದ್ದಳು. "ಕಲ್ ಆಯೇಗೀ" ಎಂದಳು ಇನ್ನೊಬ್ಬಳು. ನಾಳೆ ಬರುತ್ತಾಳೆ. ದಾರಿಯಲ್ಲಿ ಸಿಗುವ ರಾಜೇಶ್ವರ ದಾಟುವವರೆಗೆ ಆ ಮಾತಿನಲ್ಲಿ ಎಷ್ಟು ಕಲ್ ಬಂದುಹೋದವೋ, ಒಂದೂ ಗೊಂದಲವಾಗಲಿಲ್ಲ. ಪ್ರತಿಯೊಂದರ ಹಿಂದೆಯೂ ಬಂದಿದ್ದಳು, ಬರುತ್ತಾಳೆ, ಹೋದ, ಹೋಗುತ್ತಾನೆ ಎಂದು ಒಂದು ಕ್ರಿಯಾಪದ ಇತ್ತು. ನಾನು ಅಂಟಿಸಿದ ಚೀಟಿಯಲ್ಲಿ ಕ್ರಿಯಾಪದ ಇರಲಿಲ್ಲ. ಇಷ್ಟೇ ವಿಷಯ. ಎಂಟನೇ ಕ್ಲಾಸಿನ ಗ್ರಾಮರು.

ಮನೆಗೆ ಬಂದು, ದೀಪ ಹಚ್ಚುವ ಹೊತ್ತಿಗೆ ಬರೆಯಲು ಕೂತೆ. ಕಣ್ಣು ಇನ್ನೂ ಮಂಜು. ದೊಡ್ಡ ಅಕ್ಷರದಲ್ಲಿ ಬರೆದೆ. ಈ ಹೆಸರು ಇಟ್ಟವಳು ನಾನು. ನಮ್ಮ ಊರಿನಲ್ಲಿ ಈ ಮಾತಿಗೆ ಎರಡು ಅರ್ಥ, ಯಾವುದು ಎಂದು ಅದರ ಹಿಂದೆ ಬರುವ ಕ್ರಿಯಾಪದ ಹೇಳುತ್ತದೆ, ಚೀಟಿಯ ಮೇಲೆ ಅದಕ್ಕೆ ಜಾಗವಿಲ್ಲ. ಆ ಹುಡುಗಿ ಒಂದು ಅರ್ಥ ಹಿಡಿದಳು, ನಾನು ಇನ್ನೊಂದು. ಅವಳು ಹಿಡಿದದ್ದೂ ಸರಿಯಾದ ಅರ್ಥವೇ.

ಶುಕ್ರವಾರ ನಸ್ರೀನ್ ಅದನ್ನು ಓದಿ ತಲೆ ಅಲ್ಲಾಡಿಸಿದಳು. "ಮಿಸ್, ನಿಮ್ಮ ಹೆಸರು ತೆಗೀರಿ. ನಾ ಹಿಂಗ ಕಳಸಂಗಿಲ್ಲ."

"ನೋ."

"ಮಿಸ್, ಪ್ಲೀಸ್ ರೀ."

"ನಾನು ನಿನ್ನ ಟೀಚರ್ ನಸ್ರೀನ್. ಫೋನ್ ಹಚ್ಚು, ಅವರಿಗೆ ನಾನೇ ಓದುತ್ತೇನೆ."

ಓದಿದೆ. ಇಂಗ್ಲಿಷಿನಲ್ಲಿ ಶುರುಮಾಡಿದ್ದು ನಡುವೆ ಎಲ್ಲೋ ಕನ್ನಡವಾಗಿಬಿಟ್ಟಿತು. ನಿನ್ನೆ ನಾನು ಇದೇ ಟೇಬಲ್ಲಿಗೆ ಕೂತಿದ್ದೆ, ಆಗಲೇ ಹೇಳಬೇಕಾಗಿತ್ತು, ಹೇಳಲಿಲ್ಲ, ಅದಕ್ಕೂ ಕ್ಷಮೆ ಇರಲಿ ಎಂದೂ ಸೇರಿಸಿದೆ. ಅದು ಕಾಗದದಲ್ಲಿ ಇರಲಿಲ್ಲ.

ಪಾಟೀಲರು ಕೇಳಿದರು. "ಒಂದ್ ನಿಮಿಷ ಮಿಸ್. ಕಲ್ ಅಂದ್ರ ನಿಮ್ಮ ಕಡೆ ನಾಳೆನೂ ಹೌದೇನು?"

"ಉಮರ್ಗಾದವರು ನೀವು. ನಿಮಗೆ ಗೊತ್ತಿಲ್ಲವೇ?"

"ನಮ್ಮನ್ಯಾಗ ಮರಾಠಿ ರೀ. ನಮಗ ಕಾಲ್ ಅಂದ್ರ ನಿನ್ನೇನೇ. ನಾಳೆಗೆ ಉದ್ಯಾ ಅಂತೀವಿ. ಹಿಂದಿನಾಗ ಎರಡೂ ಅದ, ಖರೇ. ಆದ್ರ ಆ ಚೀಟಿ ಓದುವಾಗ ನನ್ನ ತಲ್ಯಾಗ ಮರಾಠಿನೇ ಬಂದಿತ್ತು. ತಡೀರಿ."

ಅವರು ಪುಣೆಯ ತಮ್ಮ ಕೋಣೆಯಲ್ಲಿದ್ದವರನ್ನು ಏನೋ ಕೇಳುವುದು ಕೇಳಿಸಿತು. ಒಬ್ಬರಾದ ಮೇಲೆ ಒಬ್ಬರ ಉತ್ತರ. ಯಾರೋ ನಕ್ಕರು. ಪಾಟೀಲರು ಮತ್ತೆ ಫೋನಿಗೆ ಬಂದಾಗ ದನಿ ಬೇರೆಯಾಗಿತ್ತು.

"ಇಲ್ಲಿ ಎಲ್ಲಾರೂ ನಿನ್ನಿಂದು ಅಂತಲೇ ತಿಳಕೊಂಡಾರ. ಎರಡು ತಿಂಗಳಿಂದ. ಬುಧವಾರ ಆ ದವಾಖಾನಿ ಫೋನು ನನಗ ಬಂದಿತ್ತಂದ್ರ ನಾನೂ ಕಣ್ಣು ಮುಚ್ಚಿ ಅದನ್ನೇ ಒತ್ತತಿದ್ದೆ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಪುಣೆಕ್ಕ ತಂದಿದ್ರ ಇದು ಯಾರ ಕೈಗೂ ಸಿಗ್ತಿರಲಿಲ್ಲ ಮಿಸ್. ಇಲ್ಲಿ ನಾವೆಲ್ಲಾ ಒಂದೇ ಥರಾ ತಪ್ಪು ಓದೋರು. ಸ್ಟೋರ್ ಅಲ್ಲೇ ಇರ್ಲಿ. ನಸ್ರೀನ್, ಚಾವಿ ನಿಮ್ಮ ಕಡೆನೇ. ಚೀಟಿ ಬದಲಿಸ್ರಿ, ಯಾವುದೇ ಒತ್ತೂ ಮೊದಲು ಇಬ್ಬರು ನೋಡ್ರಿ. ಮಹಾದೇವಿ ಅದಾಳೇನು?"

"ಅದೀನ್ರಿ ಸರ್."

"ಚೀಟಿ ಓದಬ್ಯಾಡವ್ವಾ, ನಂಬರ್ ಓದು."

"ಇನ್ನ ಮ್ಯಾಲ ಬಸ್ಸಿನ ಬೋರ್ಡಿಂದೂ ನಂಬರ್ ಓದೇ ಹತ್ತತೇನ್ರಿ" ಎಂದಳು ಮಹಾದೇವಿ, ಮೂಗು ಒರೆಸಿಕೊಳ್ಳುತ್ತ.

ಫೋನು ಕೆಳಗಿಟ್ಟು ನಸ್ರೀನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಮನೆಗೆ ಫೋನು ಹಚ್ಚಿದಳು. "ಅಮ್ಮೀ" ಎಂದಳು. ಅತ್ತುಬಿಟ್ಟಳು. ಮಹಾದೇವಿ ಫೋನು ಕಿತ್ತುಕೊಂಡು, "ಖಾಲಾ, ಏನೂ ಆಗಿಲ್ರಿ, ಖುಷಿಗೆ ಅಳಾಕತ್ತಾಳ ನಿಮ್ಮ ಮಗಳು" ಎಂದು ಕೂಗಿದಳು.

ಹೊಸ ಚೀಟಿಗಳಿಗೆ ಮಹಾದೇವಿ ನಡೀತದ, ಬರ್ತದ, ಹೋಗೇದ ಎಂದು ಹೇಳಿದಳು. ನನಗೆ ಬಹಳ ಹಿಡಿಸಿತು, ಮೂರರಲ್ಲೂ ಕ್ರಿಯಾಪದ ಇತ್ತು. ಆದರೆ ಪುಣೆಯವರಿಗೆ ತಿಳಿಯದು. ಕಡೆಗೆ ರನ್ನಿಂಗ್, ಕಮಿಂಗ್, ಗಾನ್ ಎಂದಾಯಿತು. ದಸರೆಗೆ ಕೆಲಸ ಹುಮನಾಬಾದಿಗೇ ಪಕ್ಕಾ ಎಂಬ ಕಾಗದ ಬಂತು. ಅಷ್ಟರಲ್ಲಿ ಮಳೆ ಹಿಂದೆಗೆದಿತ್ತು, ಮಹಾದೇವಿಯ ಚಪ್ಪಲಿಗೆ ಮಣ್ಣು ಅಂಟುವುದು ನಿಂತಿತ್ತು. ನನ್ನ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ದಿನಾ ಬಸ್ಸು ಬೇಡ ಎಂದು ತಮ್ಮ ಹಟ ಹಿಡಿದ.

ಕೆಲಸ ಬಿಡುವ ಮುಂಚಿನ ದಿನ ನಸ್ರೀನಳನ್ನು ಕೇಳಿದೆ, ಆ ಬುಧವಾರದ ಪಾಕೀಟು ಎಲ್ಲಿದೆ?

"ಅಲ್ಲೇ ಅದ ಮಿಸ್. ತೆಗಿಯಾಕ ಬರಂಗಿಲ್ಲಲ್ಲ. ಅದರ ಮ್ಯಾಲ ಒಂದು ಸಾಲು ಬರೀಬಹುದು. ಯಾರರೆ ಎಳಕೊಳ್ಳಾಕ ಹೋದ್ರ ಆ ಸಾಲು ಹಳದಿ ಬಣ್ಣದಾಗ ಮುಂದ ಬರ್ತದ."

"ಏನು ಬರೆದಿದ್ದೀ?"

ಅವಳು ತೋರಿಸಲು ಹಿಂಜರಿದಳು. ಬಳಸಬೇಡಿ ಎಂದಿತ್ತು, ಕೆಳಗೆ ಅವಳ ಹೆಸರಿತ್ತು.

ನಾನು ಕುರ್ಚಿ ಎಳೆದುಕೊಂಡು ಕೂತು ಹೊಸದನ್ನು ಬರೆದೆ. ಮೊದಲಿಗೆ ಐದು ಸಾಲಾಯಿತು. ಮಹಾದೇವಿ ಹಿಂದಿನಿಂದ ಓದಿ, "ಮಿಸ್, ಇದು ಲೀವ್ ಲೆಟರ್ ಅಲ್ರಿ" ಎಂದಳು. ಒಂದು ಸಾಲಿಗೆ ಇಳಿಸಿದೆ. ಇದನ್ನು ಬಳಸಬೇಡಿ, ಇದರ ಚೀಟಿಯ ತಪ್ಪು ನನ್ನದು, ಕಟ್ಟಿದವರದಲ್ಲ. ಕೆಳಗೆ ನನ್ನ ಹೆಸರು ಹಾಕಲು ಹೋದರೆ ಸ್ಟೋರು ಒಪ್ಪಲಿಲ್ಲ, ಅದರ ಪಟ್ಟಿಯಲ್ಲಿ ನಾನು ಇರಲೇ ಇಲ್ಲ. ನಸ್ರೀನ್ ನನಗೊಂದು ಅಕೌಂಟು ತೆರೆದಳು. ಪಾಸ್‌ವರ್ಡು ಹಾಕುವಾಗ ಇಬ್ಬರೂ ಮರ್ಯಾದೆಯಿಂದ ಆ ಕಡೆ ತಿರುಗಿ ನಿಂತರು.

ಹೋದ ತಿಂಗಳು ನಸ್ರೀನಳ ವಾಟ್ಸ್ಯಾಪ್ ಬಂತು. ಈಗ ನನಗೆ ಕನ್ನಡಕವಿಲ್ಲದೆ ಓದಲು ಬರುತ್ತದೆ. "ಮಿಸ್, ಪುಣೆದಾಗ ಹೊಸದಾಗಿ ಬಂದ ಹುಡುಗಿ ಒಬ್ಬಾಕಿ ಇವತ್ತ ಗೊತ್ತಿಲ್ಲದ ಆ ಹಳೇ ಪಾಕೀಟು ಎಳಕೊಳ್ಳಾಕ ಹೋಗಿದ್ಲು. ನಿಮ್ಮ ಸಾಲು ಬಂತಂತ, ಓದಿ ನಿಲ್ಲಿಸಿದ್ಲು. ಈ ಲೀಲಾ ಅಂದ್ರ ಯಾರು ಅಂತ ಕೇಳಾಕತ್ತಾಳ. ಏನ್ ಹೇಳ್ಲಿ?"

ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದೆ. ಹೆಸರಿಟ್ಟಾಕಿ ಅಂತ ಹೇಳು.